ಹಳೇ ಅಂಬಾಸಡರ್ ಚಾರ್ಜ್ ಆಗ್ತಿಲ್ವಾ? ಡೈನಮೋ ಬಿಚ್ಚೋ ಮೊದಲು ಇದನ್ನು ಓದಿ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ರಾತ್ರಿ ಎಂಟರ ಹೊತ್ತು, ಜಡಿಮಳೆ. ಗಾಡಿ ನಮ್ಮ ಮನೆಯ 1964ರ ಅಂಬಾಸಡರ್ ಮಾರ್ಕ್ 2. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ಲೈಟು ಹಾಸನದಿಂದಲೇ ಉರಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಜೋರಾಗಿ ಉರಿಯುತ್ತಿತ್ತು. ಗುಂಡ್ಯ ಬರುವ ಹೊತ್ತಿಗೆ ಹೆಡ್‌ಲೈಟು ಸೀಮೆಎಣ್ಣೆ ಬುಡ್ಡಿಯಷ್ಟಾಗಿತ್ತು, ವೈಪರ್ ಅರ್ಧ ದಾರಿಯಲ್ಲಿ ನಿಂತು ನಿಂತು ಹೋಗುತ್ತಿತ್ತು.

ಮರುದಿನ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದವರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಡೈನಮೋ ಹೋಗಿದೆ." ಡೈನಮೋ ಅಂದರೆ ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ತುಂಬಿಸುವ ಯಂತ್ರ. ಅದಕ್ಕೆ ಹೊಸ ತಂತಿ ಸುತ್ತಿಸಿ ರಿವೈಂಡಿಂಗ್ ಆಯಿತು, ದುಡ್ಡೂ ಹೋಯಿತು. ಮೂರು ವಾರಕ್ಕೆ ಅದೇ ಕೆಂಪು ಲೈಟು, ಅದೇ ಕಥೆ. ಕೊನೆಗೆ ನಾನೇ ಒಂದು ಮಾಮೂಲಿ ಮಲ್ಟಿಮೀಟರ್ ತಂದು ಕೂತೆ. ತಪ್ಪು ಸಿಕ್ಕಿದ್ದು ಡೈನಮೋದಲ್ಲಿ ಅಲ್ಲವೇ ಅಲ್ಲ. ಯಾವುದೋ ಕಾಲದಲ್ಲಿ ಗಾಡಿಯ ಬಾಡಿಗೆ ಪೇಂಟ್ ಹೊಡೆಸಿದಾಗ ಕಟೌಟಿನ (ಚಾರ್ಜಿಂಗ್ ನಿಯಂತ್ರಿಸುವ ಡಬ್ಬಿಯ) ಅರ್ತ್ ವೈರಿನ, ಅಂದರೆ ಬಾಡಿಯ ಮೂಲಕ ಕರೆಂಟ್ ವಾಪಸ್ ಹೋಗುವ ವೈರಿನ, ಸ್ಕ್ರೂ ಕೆಳಗೂ ಪೇಂಟ್ ಹೋಗಿ ಕೂತಿತ್ತು. ಸ್ಯಾಂಡ್ ಪೇಪರ್ ತುಂಡು, ಐದು ನಿಮಿಷದ ಕೆಲಸ.

ಅದಕ್ಕೇ ಈ ಲೇಖನದಲ್ಲಿ ಮೊದಲ ಅರ್ಧ ಪೂರ್ತಿ ಅಳತೆಯದ್ದೇ. ಡೈನಮೋ ಉಳಿಸಬೇಕಾ, ಅದರ ಬದಲು ಈಗಿನ ಗಾಡಿಗಳಲ್ಲಿರುವ ಆಲ್ಟರ್ನೇಟರ್ ಹಾಕಬೇಕಾ ಅನ್ನೋದು ಅದಾದ ಮೇಲಿನ ಮಾತು. ನಾನು ಬರೆಯುತ್ತಿರುವುದು ಲೂಕಸ್ ಕಂಪನಿ ಮಾದರಿಯ ಡೈನಮೋ ಇರುವ ಹಳೇ ಅಂಬಾಸಡರ್ ಮನಸ್ಸಿನಲ್ಲಿಟ್ಟುಕೊಂಡು. ಆ ಕಾಲದ ಮಾರಿಸ್, ಆಸ್ಟಿನ್, ಸ್ಟ್ಯಾಂಡರ್ಡ್ ಗಾಡಿಗಳಿಗೂ ಹೆಚ್ಚುಕಡಿಮೆ ಹೊಂದುತ್ತದೆ.

ಒಳಗೆ ನಡೆಯುವುದೇನು

ಫ್ಯಾನ್ ಬೆಲ್ಟು ಡೈನಮೋವನ್ನು ತಿರುಗಿಸುತ್ತದೆ. ಡೈನಮೋದಲ್ಲಿ ಎರಡು ಟರ್ಮಿನಲ್: ದೊಡ್ಡದು ಡಿ, ಚಿಕ್ಕದು ಎಫ್. ಡಿ ಅಂದರೆ ಕರೆಂಟ್ ಹೊರಗೆ ಬರುವ ಜಾಗ. ಎಫ್ ಅಂದರೆ ಫೀಲ್ಡ್, ಅಂದರೆ ಎಷ್ಟು ಕರೆಂಟ್ ತಯಾರಿಸಬೇಕು ಅಂತ ಹೇಳುವ ಲಗಾಮು. ಎರಡೂ ವೈರುಗಳು ಬಾನೆಟ್ ಒಳಗಿನ ಒಂದು ಕಪ್ಪು ಡಬ್ಬಿಗೆ ಹೋಗುತ್ತವೆ. ಪುಸ್ತಕದಲ್ಲಿ ಅದರ ಹೆಸರು ಕಂಟ್ರೋಲ್ ಬಾಕ್ಸ್. ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಕಟೌಟ್ ಅನ್ನುತ್ತಾರೆ. ಥಿಯೇಟರ್ ಮುಂದೆ ಹಾಲಿನ ಅಭಿಷೇಕ ಮಾಡಿಸಿಕೊಳ್ಳುವ ಕಟೌಟಿಗೂ ಇದಕ್ಕೂ ಸಂಬಂಧ ಇಲ್ಲ.

ಡಬ್ಬಿಯೊಳಗೆ ಎರಡು ಸುರುಳಿ ಇರುತ್ತವೆ. ಒಂದು ರೆಗ್ಯುಲೇಟರ್, ವೋಲ್ಟೇಜ್ ಮಿತಿ ಮೀರದಂತೆ ಫೀಲ್ಡನ್ನು ಹಿಡಿದು ಬಿಡುತ್ತಾ ಇರುತ್ತದೆ. ಇನ್ನೊಂದು ನಿಜವಾದ ಕಟೌಟ್. ಡೈನಮೋ ವೋಲ್ಟೇಜ್ ಬ್ಯಾಟರಿಗಿಂತ ಮೇಲೆ, ಸುಮಾರು 12.7ರಿಂದ 13.3 ವೋಲ್ಟ್‌ಗೆ ಬಂದಾಗ ಮಾತ್ರ ಬ್ಯಾಟರಿಗೆ ಕರೆಂಟ್ ಹೋಗುವ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಬ್ಯಾಟರಿಯೇ ಡೈನಮೋವನ್ನು ಮೋಟರಿನಂತೆ ತಿರುಗಿಸಲು ಹೋಗಿ ಖಾಲಿಯಾಗುತ್ತದೆ.

ಲೂಕಸ್ ಸಿ40 ಡೈನಮೋ ಪೂರ್ತಿ ವೇಗದಲ್ಲಿ 22 ಆಂಪಿಯರ್ ಕೊಡುತ್ತದೆ. ಅದಕ್ಕಿಂತ ಹಳೆಯ ಸಿ39 ಆದರೆ 19. ಐಡಲ್‌ನಲ್ಲಿ ಎರಡೂ ಬಹುತೇಕ ಏನನ್ನೂ ಕೊಡುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಕೆಂಪು ಲೈಟು ಮಿಣುಕಿದರೆ ಗಾಬರಿ ಬೇಡ, ಅದು ಇದರ ಹುಟ್ಟುಗುಣ.

ಮೊದಲ ಸುತ್ತು: ಬ್ಯಾಟರಿ, ಬೆಲ್ಟು, ಅರ್ತ್

ಕೈಯಲ್ಲಿನ ಉಂಗುರ, ವಾಚು ತೆಗೆದಿಡಿ. ಬ್ಯಾಟರಿಗೂ ಸ್ಪ್ಯಾನರಿಗೂ ನಡುವೆ ಉಂಗುರ ಸಿಕ್ಕರೆ ಬೆರಳು ಸುಟ್ಟುಹೋಗುತ್ತದೆ. ಟರ್ಮಿನಲ್ ಬಿಚ್ಚುವಾಗ ಯಾವಾಗಲೂ ಬಾಡಿಗೆ ಹೋಗುವ ಅರ್ತ್ ಕ್ಲ್ಯಾಂಪ್ ಮೊದಲು ಬಿಚ್ಚಿ, ಹಾಕುವಾಗ ಕೊನೆಗೆ ಹಾಕಿ. ಹಾಗೇ ನೋಡಿಕೊಳ್ಳಿ: ನಿಮ್ಮ ಗಾಡಿಯಲ್ಲಿ ಬಾಡಿಗೆ ಹೋಗಿರುವುದು ನೆಗೆಟಿವ್ವಾ, ಪಾಸಿಟಿವ್ವಾ? ಆ ಕಾಲದ ಎಷ್ಟೋ ಲೂಕಸ್ ಗಾಡಿಗಳು ಪಾಸಿಟಿವ್ ಅರ್ತ್. ನಮ್ಮದೂ ಹಾಗೇ ಇತ್ತು. ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿದರೆ ಮುಂದೆ ಕೈ ಹಾಕುವವರೂ ಬದುಕಿಕೊಳ್ಳುತ್ತಾರೆ.

ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿ ವೋಲ್ಟೇಜ್ ನೋಡಿ. 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಹೊರಗಿನ ಚಾರ್ಜರ್‌ನಲ್ಲಿ ತುಂಬಿಸಿ, ಆಮೇಲೆ ಮುಂದಿನ ಪರೀಕ್ಷೆ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಮುದಿಯಾಗಿದೆ ಅಂತ ಲೆಕ್ಕ. ಸತ್ತ ಬ್ಯಾಟರಿಗೆ ಎಂಥ ಡೈನಮೋ ಹಾಕಿದರೂ ಅಷ್ಟೇ.

ಬೆಲ್ಟನ್ನು ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿ. ಅರ್ಧ ಇಂಚಿನಷ್ಟು ಬಗ್ಗಬೇಕು. ಜಾಸ್ತಿ ಬಗ್ಗಿದರೆ ಜಾರುತ್ತದೆ. ತಂತಿಯಂತೆ ಬಿಗಿಯಾಗಿದ್ದರೆ ಡೈನಮೋ ಬೇರಿಂಗ್, ವಾಟರ್ ಪಂಪ್ ಎರಡೂ ತಿಂದುಹೋಗುತ್ತವೆ. ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಿಸಿಬಿಡಿ.

ಈಗ ಅರ್ತ್. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಯಾರಾದರೂ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಂಬದ ಮೇಲೆ, ಇನ್ನೊಂದು ಡೈನಮೋದ ಬರಿ ಕಬ್ಬಿಣದ ಮೇಲೆ ಇಡಿ. 0.2 ವೋಲ್ಟ್‌ಗಿಂತ ಕಡಿಮೆ ತೋರಿಸಬೇಕು. ಅದೇ ಕಡ್ಡಿಯನ್ನು ಕಟೌಟಿನ ಇ (ಅರ್ತ್) ಟರ್ಮಿನಲ್‌ಗೆ ಇಡಿ. ಅಲ್ಲೂ ಸೊನ್ನೆಯ ಹತ್ತಿರ ಬರಬೇಕು. ನನಗೆ ಬಂದದ್ದು 9 ವೋಲ್ಟ್! ಇ ಟರ್ಮಿನಲ್‌ಗೆ ಅರ್ತ್ ಸಿಗದಿದ್ದರೆ ಕಟೌಟ್ ಸುರುಳಿಗೆ ಕರೆಂಟ್ ಹೋಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ರೆಗ್ಯುಲೇಟರೂ ಕೆಲಸ ಮಾಡುವುದಿಲ್ಲ, ಹಾಗಾಗಿ ಡೈನಮೋ ವೋಲ್ಟೇಜ್ ಲಗಾಮಿಲ್ಲದೆ ಏರುತ್ತದೆ. ಘಾಟಿಯಲ್ಲಿ ವೇಗ ಹೆಚ್ಚಿದಷ್ಟೂ ಕೆಂಪು ಲೈಟು ಜೋರಾದದ್ದು ಅದಕ್ಕೇ. ಆ ಲೈಟು ಅಂದೇ ಎಲ್ಲವನ್ನೂ ಹೇಳಿತ್ತು. ಕೇಳಿಸಿಕೊಳ್ಳಲು ನನಗೆ ಗೊತ್ತಿರಲಿಲ್ಲ ಅಷ್ಟೇ.

ಎಂಜಿನ್ನಿಂದ ಚಾಸಿಗೆ ಹೋಗುವ ಹೆಣೆದ ಅರ್ತ್ ಪಟ್ಟಿಯನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಹಸಿರು ಪುಡಿ ಹಿಡಿದಿದ್ದರೆ ಹೊಸದು ಹಾಕಿ.

ಎರಡನೇ ಸುತ್ತು: ಡೈನಮೋವನ್ನೇ ಕೇಳಿ

ಇದು ಹಳೇ ಲೂಕಸ್ ಪರೀಕ್ಷೆ, ಗಾಡಿಯಿಂದ ಡೈನಮೋ ಇಳಿಸಬೇಕಿಲ್ಲ.

ಎಂಜಿನ್ ಆಫ್ ಮಾಡಿ. ಡೈನಮೋದ ಡಿ ಮತ್ತು ಎಫ್ ವೈರುಗಳನ್ನು ತೆಗೆದು ಚೀಟಿ ಕಟ್ಟಿ, ಎಲ್ಲೂ ತಾಗದಂತೆ ಪಕ್ಕಕ್ಕಿಡಿ. ಒಂದು ತುಂಡು ವೈರಿನಿಂದ ಡೈನಮೋದ ಡಿ, ಎಫ್ ಎರಡನ್ನೂ ಜೋಡಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಆ ಜೋಡಣೆಗೆ, ಇನ್ನೊಂದು ಡೈನಮೋ ಬಾಡಿಗೆ. ಎಂಜಿನ್ ಚಾಲೂ ಮಾಡಿ, ಐಡಲ್‌ನಿಂದ ನಿಧಾನಕ್ಕೆ ವೇಗ ಏರಿಸಿ. ವೋಲ್ಟೇಜ್ ಓಲಾಡದೆ ಸರಸರ ಏರಬೇಕು. 20 ಮುಟ್ಟಲು ಬಿಡಬೇಡಿ, 1000 ಆರ್‌ಪಿಎಂ ಸಾಕು. ಉತ್ಸಾಹದಲ್ಲಿ ರೇಸ್ ಮಾಡಿದರೆ ಚೆನ್ನಾಗಿದ್ದ ಡೈನಮೋ ನಿಮ್ಮ ಕೈಯಲ್ಲೇ ಸುಡುತ್ತದೆ.

ಏರಿತು ಅಂದರೆ ಡೈನಮೋ ಗಟ್ಟಿ, ತಪ್ಪು ಬೇರೆ ಕಡೆ ಇದೆ. ಏನೂ ಬರದಿದ್ದರೆ ಒಳಗೆ ತಿರುಗುವ ಭಾಗಕ್ಕೆ ಉಜ್ಜುತ್ತಾ ಕರೆಂಟ್ ಹೊರತರುವ ಕಾರ್ಬನ್ ಬ್ರಷ್ ನೋಡಿ. ಅರ್ಧದಿಂದ 1 ವೋಲ್ಟ್ ಮಾತ್ರ ಬಂದರೆ ಫೀಲ್ಡ್ ಸುರುಳಿಯ ಮೇಲೆ ಅನುಮಾನ. 4–5 ವೋಲ್ಟ್‌ಗೆ ನಿಂತರೆ ಆರ್ಮೇಚರ್, ಅಂದರೆ ಆ ತಿರುಗುವ ಭಾಗದ ಮೇಲೆ. ಫೀಲ್ಡನ್ನು ಖಚಿತ ಮಾಡಿಕೊಳ್ಳಲು ಎಂಜಿನ್ ನಿಲ್ಲಿಸಿ, ಜೋಡಣೆ ವೈರು ತೆಗೆದು, ಎಫ್‌ನಿಂದ ಬಾಡಿಗೆ ರೆಸಿಸ್ಟೆನ್ಸ್ ಅಳೆಯಿರಿ. ಸುಮಾರು 6 ಓಮ್ ಬರಬೇಕು. ತೀರಾ ಕಡಿಮೆ ಬಂದರೆ ಶಾರ್ಟ್, ಬರದೇ ಹೋದರೆ ತುಂಡಾಗಿದೆ.

ಬ್ರಷ್, ಕಮ್ಯುಟೇಟರ್, ಎರಡು ಹನಿ ಎಣ್ಣೆ

ಡೈನಮೋ ಇಳಿಸಬೇಕಾಗಿ ಬಂದರೂ ಬಹಳ ಸಲ ರಿವೈಂಡಿಂಗ್ ಬೇಕಾಗಿರುವುದಿಲ್ಲ. ಹಿಂದಿನ ಮುಚ್ಚಳವನ್ನು ಹಿಡಿದಿರುವ ಎರಡು ಉದ್ದ ಬೋಲ್ಟು ಬಿಚ್ಚಿದರೆ ಬ್ರಷ್ಷುಗಳು ಕಾಣುತ್ತವೆ. ಸವೆದು ಮೊಂಡಾಗಿದ್ದರೆ, ಅಥವಾ ಸ್ಪ್ರಿಂಗ್ ಒತ್ತಡ ಸತ್ತಿದ್ದರೆ ಹೊಸದು ಹಾಕಿ. ಬ್ರಷ್ಷು ತನ್ನ ಗೂಡಿನಲ್ಲಿ ಸಲೀಸಾಗಿ ಮೇಲೆ ಕೆಳಗೆ ಆಡಬೇಕು. ಹೊಸ ಬ್ರಷ್ ಹಾಕಿದ ಮೇಲೆ ತುದಿಯ ಬಾಗು ಕಮ್ಯುಟೇಟರಿಗೆ ಕೂರುವಂತೆ ತೆಳು ಗ್ಲಾಸ್ ಪೇಪರ್ ಸುತ್ತಿ ತಿದ್ದಿಕೊಳ್ಳಿ.

ಕಮ್ಯುಟೇಟರ್ ಅಂದರೆ ತಾಮ್ರದ ಪಟ್ಟಿಗಳ ಆ ಉಂಗುರ. ಒಳ್ಳೆಯದಾದರೆ ಹದವಾಗಿ ಕಂದು ಬಣ್ಣ ಹಿಡಿದಿರುತ್ತದೆ. ಕಪ್ಪಗೆ ಸುಟ್ಟಿದ್ದರೆ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಗ್ಲಾಸ್ ಪೇಪರಿನಲ್ಲಿ ಉಜ್ಜಿ. ಎಮರಿ ಪೇಪರ್ ಬೇಡವೇ ಬೇಡ. ಅದರ ಪುಡಿ ತಾಮ್ರದಲ್ಲಿ ನಾಟಿಕೊಂಡು ಬ್ರಷ್ಷನ್ನು ತಿನ್ನುತ್ತದೆ, ಪಟ್ಟಿಗಳ ನಡುವೆ ಕೂತು ಶಾರ್ಟ್ ಕೂಡ ಮಾಡುತ್ತದೆ. ಪಟ್ಟಿಗಳ ನಡುವಿನ ಮೈಕಾ ತಾಮ್ರದ ಮಟ್ಟಕ್ಕೆ ಬಂದಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಹದವಾಗಿ ಅರೆದುಕೊಂಡು ಸುಮಾರು 0.8 ಮಿಲಿಮೀಟರ್ ಆಳಕ್ಕೆ ಕೊರೆಯಿರಿ. ತಾಳ್ಮೆಯ ಕೆಲಸ. ನಾನು ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೂತವನು ಮಧ್ಯಾಹ್ನದ ಊಟಕ್ಕೆ ಎದ್ದೆ.

ಇನ್ನು ಹಿಂದಿನ ಬುಷ್, ಅಂದರೆ ಆರ್ಮೇಚರಿನ ತುದಿ ಕೂತು ತಿರುಗುವ ಲೋಹದ ಬಳೆ. ಮುಚ್ಚಳದ ನಟ್ಟನಡುವೆ ಒಂದು ಚಿಕ್ಕ ತೂತಿದೆ, ಕಂಡೂ ಕಾಣದಂತೆ. ಅದು ಎಣ್ಣೆಗೆ. ಸರ್ವಿಸ್ ಮಾಡಿದಾಗಲೆಲ್ಲ ಎರಡು ಹನಿ ಎಂಜಿನ್ ಆಯಿಲ್ ಬಿಟ್ಟರೆ ಸಾಕು. ಈ ತೂತಿನ ಸುದ್ದಿ ಗೊತ್ತಿಲ್ಲದೇ ಎಷ್ಟು ಡೈನಮೋಗಳು ಸತ್ತಿವೆಯೋ! ಬುಷ್ ಒಣಗಿ ಸವೆದರೆ ಆರ್ಮೇಚರ್ ಓಲಾಡಿ ಒಳಗಿನ ಕಂಬಕ್ಕೆ ಉಜ್ಜುತ್ತದೆ, ಅಲ್ಲಿಗೆ ಮುಗಿಯಿತು. ಹಾಗಂತ ಧಾರಾಳವಾಗಿ ಸುರಿಯಬೇಡಿ, ಎಣ್ಣೆ ಬ್ರಷ್ಷಿಗೆ ಹೋಗುತ್ತದೆ. ಹೊಸ ಬುಷ್ ಹಾಕಿಸುವುದಾದರೆ ಹಿಂದಿನ ದಿನವೇ ಆಯಿಲ್‌ನಲ್ಲಿ ನೆನೆಹಾಕಿ, 24 ಗಂಟೆ ಇರಲಿ.

ರಿಪೇರಿಯಾದ ಡೈನಮೋವನ್ನು ಗಾಡಿಗೆ ಕೂರಿಸಿದ ಮೇಲೆ ವೈರು ಜೋಡಿಸುವ ಮೊದಲು ಪೋಲಾರಿಟಿ ಕೊಡಬೇಕು, ಅಂದರೆ ಪಾಸಿಟಿವ್, ನೆಗೆಟಿವ್ ಯಾವ ಕಡೆ ಅಂತ ಅದಕ್ಕೆ ಕಲಿಸಬೇಕು. ಬ್ಯಾಟರಿಯ ಅರ್ತ್ ಅಲ್ಲದ ಕಂಬದಿಂದ ಒಂದು ವೈರು ತಂದು ಡೈನಮೋದ ಎಫ್‌ಗೆ ಎರಡು ಮೂರು ಸಲ ಚುರ್ ಚುರ್ ಅಂತ ತಾಗಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ. ಇದನ್ನು ಮರೆತರೆ ಡೈನಮೋ ಉಲ್ಟಾ ಕರೆಂಟ್ ತಯಾರಿಸಿ ಕಟೌಟಿನ ಪಾಯಿಂಟುಗಳನ್ನು ಸುಡಬಹುದು.

ಕಟೌಟ್ ಡಬ್ಬಿ

ಐದು ಟರ್ಮಿನಲ್ಲಿನ ಆರ್‌ಬಿ106 ಮಾದರಿಯಾದರೆ ಎ, ಎ1, ಎಫ್, ಡಿ, ಇ ಅಂತ ಬರೆದಿರುತ್ತದೆ. ಮುಚ್ಚಳ ತೆಗೆದು ಪಾಯಿಂಟ್ ನೋಡಿ. ಕಪ್ಪಾಗಿದ್ದರೆ ತೆಳುವಾಗಿ ಉಜ್ಜಿ, ಸ್ಪಿರಿಟ್ ಬಟ್ಟೆಯಿಂದ ಒರೆಸಿ.

ವೋಲ್ಟೇಜ್ ನೋಡಲು ಬ್ಯಾಟರಿಯ ಅರ್ತ್ ಬಿಚ್ಚಿ, ಎ ಮತ್ತು ಎ1 ವೈರುಗಳನ್ನು ಡಬ್ಬಿಯಿಂದ ತೆಗೆದು ಎರಡನ್ನೂ ಒಂದಕ್ಕೊಂದು ಜೋಡಿಸಿ ಟೇಪ್ ಸುತ್ತಿ. ಇಗ್ನಿಷನ್‌ಗೆ ಕರೆಂಟ್ ಬೇಕಲ್ಲ, ಅದಕ್ಕೆ. ಅರ್ತ್ ವಾಪಸ್ ಹಾಕಿ. ಮೀಟರನ್ನು ಡಿ ಮತ್ತು ಇ ನಡುವೆ ಇಟ್ಟು ಎಂಜಿನ್ ವೇಗ ನಿಧಾನಕ್ಕೆ ಏರಿಸಿ. ವೋಲ್ಟೇಜ್ ಏರಿ ಒಂದು ಕಡೆ ನಿಲ್ಲುತ್ತದೆ. ಅದು ಸುಮಾರು 16 ವೋಲ್ಟ್ ಇರಬೇಕು. ಇಷ್ಟು ಜಾಸ್ತಿಯಾ ಅಂತ ಹೆದರಬೇಡಿ, ಇದು ಬ್ಯಾಟರಿ ಸೇರಿಸದೇ ಇರುವಾಗಿನ ಲೆಕ್ಕ. ಲೋಡ್ ಬಿದ್ದರೆ ತಾನೇ ಇಳಿಯುತ್ತದೆ. ರೆಗ್ಯುಲೇಟರ್ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿ, ಬಲಕ್ಕೆ ತಿರುಗಿಸಿದರೆ ಏರುತ್ತದೆ. ಅರ್ಧ ನಿಮಿಷದೊಳಗೆ ಮುಗಿಸಿ. ಸುರುಳಿ ಬಿಸಿಯಾದರೆ ಅಳತೆ ಸುಳ್ಳು ಹೇಳುತ್ತದೆ.

ಈಗ ಆಲ್ಟರ್ನೇಟರ್ ಮಾತು

ಕಾಗದ ತೆಗೆದುಕೊಂಡು ಕೂಡಿಸಿ. ಹಳೇ 45 ವ್ಯಾಟಿನ ಹೆಡ್‌ಲೈಟ್ ಎರಡಕ್ಕೆ 7.5 ಆಂಪಿಯರ್. ಹಿಂದೆ ಮುಂದೆ ಸಣ್ಣ ದೀಪಗಳಿಗೆ 2. ಇಗ್ನಿಷನ್‌ಗೆ 3–4. ವೈಪರ್‌ಗೆ 3. ಬ್ರೇಕ್ ಒತ್ತಿದಾಗ 3.5. ಎಲ್ಲ ಸೇರಿ 20ರ ಒಳಗೆ. ಹೆದ್ದಾರಿಯಲ್ಲಿ ಡೈನಮೋ ಇದನ್ನು ಹೇಗೋ ಎಳೆಯುತ್ತದೆ. ಇದಕ್ಕೆ 60/55 ಹ್ಯಾಲೊಜೆನ್, ಸ್ಟೀರಿಯೋ, ಫೋನ್ ಚಾರ್ಜರ್, ಒಂದು ಫ್ಯಾನ್ ಸೇರಿಸಿದಿರಿ ಅಂದುಕೊಳ್ಳಿ. ಲೆಕ್ಕ ತಪ್ಪಿತು. ಅದರ ಮೇಲೆ ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮುಕ್ಕಾಲು ಗಂಟೆ ಐಡಲ್‌ನಲ್ಲಿ ನಿಂತರೆ ಖರ್ಚೆಲ್ಲ ಬ್ಯಾಟರಿಯದ್ದೇ.

ನನ್ನ ಅಭಿಪ್ರಾಯ ಕೇಳಿದರೆ: ಗಾಡಿ ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ ಬರುವುದಾದರೆ, ರ್‍ಯಾಲಿಗೆ ಒಯ್ಯುವುದಾದರೆ ಡೈನಮೋ ಇಟ್ಟುಕೊಳ್ಳಿ. ಊರೊಳಗೆ ದಿನಾ ಓಡಿಸುವುದಾದರೆ, ರಾತ್ರಿ ಪ್ರಯಾಣ ಜಾಸ್ತಿ ಇದ್ದರೆ ಆಲ್ಟರ್ನೇಟರ್ ಹಾಕಿ, ಸುಮ್ನೆ ಹಠ ಬೇಡ. ನಾವು ಎರಡನೇ ದಾರಿ ಹಿಡಿದೆವು.

ಒಳಗೇ ರೆಗ್ಯುಲೇಟರ್ ಇರುವ ಸಣ್ಣ ಆಲ್ಟರ್ನೇಟರ್ ಹುಡುಕಿ. ಮಾರುತಿ 800, ಓಮ್ನಿಯದ್ದು ಗಾತ್ರದಲ್ಲಿ ಅನುಕೂಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ತಡಕಾಡಿದರೆ ಸಿಗುತ್ತದೆ. ಬೆಂಚಿನ ಮೇಲೆ ತಿರುಗಿಸಿ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ.

ಪಾಸಿಟಿವ್ ಅರ್ತ್ ಗಾಡಿಯಾದರೆ ಮೊದಲು ನೆಗೆಟಿವ್ ಅರ್ತ್‌ಗೆ ಬದಲಿಸಲೇಬೇಕು. ಬ್ಯಾಟರಿಯನ್ನು ತಿರುಗಿಸಿ ಇಡಿ. ಕಂಬಗಳ ದಪ್ಪ ಬೇರೆ ಬೇರೆ ಇರುವುದರಿಂದ ಕ್ಲ್ಯಾಂಪುಗಳನ್ನೂ ಬದಲಿಸಬೇಕಾಗುತ್ತದೆ. ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರುಗಳನ್ನು ಅದಲುಬದಲು ಮಾಡಿ. ಅಮ್ಮೀಟರ್ ಇದ್ದರೆ ಅದರದ್ದನ್ನೂ. ಹಳೇ ಸೆಲ್ಫ್ ಮೋಟರಿಗೆ ಯಾವ ಕಡೆಯಾದರೂ ಸರಿ. ಹಳೇ ರೇಡಿಯೋ ಮಾತ್ರ ಬಿಚ್ಚಿಡಿ, ಉಲ್ಟಾ ಕರೆಂಟ್ ಹೋದರೆ ಹೊಗೆ ಬರುತ್ತದೆ.

ಕೂರಿಸುವುದೇ ನಿಜವಾದ ತಲೆನೋವು. ಡೈನಮೋ ಉದ್ದ, ಆಲ್ಟರ್ನೇಟರ್ ಗಿಡ್ಡ. ಕೆಳಗಿನ ಎರಡು ಕಿವಿಗಳ ನಡುವೆ ಒಂದು ಉದ್ದ ಬೋಲ್ಟು, ಅಳತೆಗೆ ಕತ್ತರಿಸಿದ ದಪ್ಪ ಪೈಪಿನ ಸ್ಪೇಸರ್ ಬೇಕು. ಲೇತ್ ಅಂಗಡಿಯವರು ಮಾಡಿಕೊಡುತ್ತಾರೆ. ಕ್ರ್ಯಾಂಕ್ ಪುಲ್ಲಿ, ಪಂಪ್ ಪುಲ್ಲಿ, ಆಲ್ಟರ್ನೇಟರ್ ಪುಲ್ಲಿ ಮೂರೂ ಒಂದೇ ನೇರಕ್ಕೆ ಬರಬೇಕು. ಸ್ಟೀಲ್ ಪಟ್ಟಿ ಇಟ್ಟು ನೋಡಿ. ನಾನು ಮೊದಲ ಸಲ 4 ಮಿಲಿಮೀಟರ್ ತಪ್ಪಿಸಿದ್ದೆ. 300 ಕಿಲೋಮೀಟರ್‌ಗೆ ಬೆಲ್ಟಿನ ಒಂದು ಅಂಚು ನಾರು ನಾರಾಗಿ ಎದ್ದಿತ್ತು. ಪುಲ್ಲಿಯಲ್ಲಿ ಬೆಲ್ಟು ಕೂರುವ ತೋಡು ನಿಮ್ಮ ಬೆಲ್ಟಿನ ಅಗಲಕ್ಕೆ ಹೊಂದುತ್ತದಾ ಅಂತಲೂ ನೋಡಿ.

ವೈರಿಂಗ್ ಸರಳ. ಬ್ಯಾಟರಿ ಬಿಚ್ಚಿಯೇ ಕೂರಿ. ಆಲ್ಟರ್ನೇಟರಿನ ದಪ್ಪ ಬಿ ಟರ್ಮಿನಲ್‌ನಿಂದ 10 ಚದರ ಮಿಲಿಮೀಟರ್‌ನ ಹೊಸ ಕೇಬಲ್ ಎಳೆದು ಸೆಲ್ಫಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಸೊಲೆನಾಯ್ಡ್‌ನ ಬ್ಯಾಟರಿ ಕಡೆಯ ಬೋಲ್ಟಿಗೆ ಕೊಡಿ, ನಡುವೆ ಒಂದು ದಪ್ಪ ಫ್ಯೂಸ್ ಇರಲಿ. ಫ್ಯೂಸಿನ ಅಂಕಿ ಆಲ್ಟರ್ನೇಟರ್ ಲೇಬಲ್ಲಿನ ಆಂಪಿಯರ್‌ಗಿಂತ ಕಾಲು ಭಾಗ ಮೇಲಿದ್ದರೆ ಸರಿ. ಹಳೇ ಡಿ ವೈರಿನಲ್ಲೇ ಕೆಲಸ ಮುಗಿಸಬೇಡಿ, ಅದು 22 ಆಂಪಿಯರ್‌ಗೆ ಹಾಕಿದ್ದು, ಅದೂ ಅರವತ್ತು ವರ್ಷದ ಹಿಂದೆ. ಕಟೌಟಿನ ಎ, ಎ1 ವೈರುಗಳನ್ನು ಒಟ್ಟಿಗೆ ಸೇರಿಸಿ ಭದ್ರ ಮಾಡಿ. ಡಿ ಟರ್ಮಿನಲ್‌ಗೆ ಬರುತ್ತಿದ್ದ ಸಣ್ಣ ವೈರು, ಅಂದರೆ ಕೆಂಪು ಲೈಟಿನದ್ದು, ಆಲ್ಟರ್ನೇಟರಿನ ಎಲ್ ಟರ್ಮಿನಲ್‌ಗೆ ಹೋಗಲಿ. ಐಜಿ ಅಂತ ಇನ್ನೊಂದು ಪಿನ್ ಇದ್ದರೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರು ಅದಕ್ಕೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಡೈನಮೋ ಗಾಡಿಯಲ್ಲಿ ಕೆಂಪು ಬಲ್ಬ್ ಸುಟ್ಟರೂ ಚಾರ್ಜ್ ಆಗುತ್ತದೆ. ಆಲ್ಟರ್ನೇಟರ್ ಬಹುತೇಕ ಆ ಬಲ್ಬಿನ ಮೂಲಕ ಬರುವ ಸಣ್ಣ ಕರೆಂಟಿನಿಂದಲೇ ಎಚ್ಚರವಾಗುವುದು. ಹಾಗಾಗಿ 2.2 ವ್ಯಾಟಿನ ಮಾಮೂಲಿ ಬಲ್ಬ್ ಇರಲಿ. ಚಂದ ಅಂತ ಎಲ್‌ಇಡಿ ಹಾಕಿದರೆ ಆಲ್ಟರ್ನೇಟರ್ ನಿದ್ದೆಯಿಂದ ಏಳದೇ ಇರಬಹುದು.

ಚಾಲೂ ಮಾಡಿ ನೋಡಿ. ಐಡಲ್‌ಗಿಂತ ಸ್ವಲ್ಪ ಮೇಲೆ ಬ್ಯಾಟರಿ ಕಂಬಗಳಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ವೈಪರ್ ಹಾಕಿದ ಮೇಲೂ 13.5ರ ಕೆಳಗೆ ಬೀಳಬಾರದು. 15 ದಾಟಿದರೆ ತಕ್ಷಣ ನಿಲ್ಲಿಸಿ, ಒಳಗಿನ ರೆಗ್ಯುಲೇಟರ್ ಕೆಟ್ಟಿದೆ. ಮತ್ತೆ, ಹಳೇ ಮೆಕ್ಯಾನಿಕ್‌ಗಳಿಗೆ ಒಂದು ಅಭ್ಯಾಸ ಇದೆ ಅಲ್ವಾ? ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕ್ಲ್ಯಾಂಪ್ ಎತ್ತಿ "ನೋಡಿ, ಚಾರ್ಜಿಂಗ್ ಇದೆ" ಅನ್ನುವುದು. ಆಲ್ಟರ್ನೇಟರ್ ಗಾಡಿಯಲ್ಲಿ ಹಾಗೆ ಮಾಡಿದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್‌ಗಳು ಅಲ್ಲೇ ಸಾಯಬಹುದು. ಬಾನೆಟ್ ಹತ್ತಿರ ಕೈ ಹೋಗುವ ಮೊದಲೇ ಹೇಳಿಬಿಡಿ.

ಹೆಡ್‌ಲೈಟಿಗೆ ಒಂದು ಜೊತೆ ರಿಲೇ (ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ಕರೆಂಟ್ ಕೊಡುವ ಸ್ವಿಚ್ಚು) ಕೂಡ ಈಗಲೇ ಹಾಕಿ. ನಮ್ಮ ಗಾಡಿಯಲ್ಲಿ ಬ್ಯಾಟರಿಯಲ್ಲಿ 14.1 ವೋಲ್ಟ್ ಇದ್ದಾಗ ಬಲ್ಬಿನ ಹಿಂದೆ ಸಿಕ್ಕಿದ್ದು 11.6. ಉಳಿದದ್ದೆಲ್ಲ ಹಳೇ ಸ್ವಿಚ್ಚು, ಸಣಕಲು ವೈರುಗಳಲ್ಲಿ ಬಿಸಿಯಾಗಿ ಹೋಗುತ್ತಿತ್ತು. ರಿಲೇ ಹಾಕಿದ ಮೇಲೆ 13.6.

ಹೊಸ ಬೆಲ್ಟು ಮೊದಲ 200 ಕಿಲೋಮೀಟರಿನಲ್ಲಿ ಹಿಗ್ಗುತ್ತದೆ, ಒಮ್ಮೆ ಮತ್ತೆ ಬಿಗಿ ಮಾಡಿ. ಇಳಿಸಿದ ಡೈನಮೋ, ಕಟೌಟ್, ಅವುಗಳ ನಟ್ಟು ಬೋಲ್ಟು ಸಮೇತ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಚೀಟಿ ಬರೆದಿಡಿ. ನಮ್ಮದು ಅಟ್ಟದ ಮೇಲೆ, ಹಪ್ಪಳದ ಡಬ್ಬಿಯ ಪಕ್ಕದಲ್ಲಿದೆ.